ಮೊದಲ ಸಹಿ

ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ತಳ ನುಣುಪಾಗಲೆಂದು ಬಾಳೆಯೆಲೆಯ ಮೇಲೆ ಎರಡು ಸಲ ಸವರಿ, ಸಾಲಿಂಗ್ ಆರನೆಯ ಖಾಕಿ ಅಂಗಿಯ ತೋಳು ಹರಡಿದಳು. ಜುಲೈ ತಿಂಗಳು, ಮೂರು ದಿನದಿಂದ ಬಿಸಿಲಿಲ್ಲ. ಗಂಜಿ ಹಾಕಿದ ಬಟ್ಟೆ ಇಸ್ತ್ರಿಯ ಕಾವಿನಲ್ಲೇ ಒಣಗಬೇಕು. ಮನಿಲಾ ಹತ್ತಿರದ ಮುಂತಿನ್ಲುಪಾದ ಸೆರೆಮನೆಯ ಕಾವಲುಗಾರರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದು ಏಳು ವರ್ಷದಿಂದ ಅವಳ ಜೀವನೋಪಾಯ. ಆ ಗೋಡೆಗಳೊಳಗೆ ಯುದ್ಧಕಾಲದ ಕೊಲೆಗಳಿಗೆ ಶಿಕ್ಷೆಯಾದ ನೂರಕ್ಕೂ ಹೆಚ್ಚು ಜಪಾನಿ ಸೈನಿಕರಿದ್ದಾರೆಂಬುದು ಅವಳಿಗೆ ಗೊತ್ತಿತ್ತು. ಕೆಲಸದ ಹೊತ್ತಿನಲ್ಲಿ ಅದನ್ನು ನೆನೆಯುತ್ತಿರಲಿಲ್ಲ, ಅಷ್ಟೆ.

ಕಿಟಕಿಯ ಬಳಿ ಕೂತು ಮಗಳು ಪೂರಿಂಗ್ ಪಾಠ ಒಪ್ಪಿಸುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ. ದೇಶದ ಅಧ್ಯಕ್ಷರ ಹೆಸರು, ಆಳಿದ ಕಾಲ, ಎಲ್ಲವೂ ನಾಳೆಗೆ ಬಾಯಿಪಾಠವಾಗಬೇಕಿತ್ತು. ಅಗಿನಾಲ್ಡೊ ಎರಡು ವರ್ಷಕ್ಕೆ ಸ್ವಲ್ಪ ಜಾಸ್ತಿ. ಕೆಸೋನ್ ಒಂಬತ್ತಕ್ಕೆ ಸ್ವಲ್ಪ ಕಡಿಮೆ, ಪರದೇಶದಲ್ಲಿ ತೀರಿಹೋದರು. ಓಸ್ಮೆನ್ಯಾ ಎರಡು ವರ್ಷ ತುಂಬಲಿಲ್ಲ. ರೋಹಾಸ್ ಅವರಿಗೂ ತುಂಬಲಿಲ್ಲ, ಭಾಷಣ ಮಾಡಿದ ರಾತ್ರಿಯೇ ಎದೆನೋವು. ಆಮೇಲೆ ಈಗಿನ ಕಿರಿನೋ.

"ಇನಾಯ್," ಎಂದು ಅಮ್ಮನನ್ನು ಕರೆದಳು, "ಲೌರೆಲ್‌ನ ಸೇರಿಸ್ಲಾ? ಪುಸ್ತಕದಲ್ಲಿಲ್ಲ. ಜಪಾನಿನವರ ಕಾಲದಲ್ಲಿ ಅವರೇ ಅಧ್ಯಕ್ಷರಾಗಿದ್ರಂತಲ್ಲ."

"ಟೀಚರ್ ಏನಂತಾರೆ?"

"ಬೇಡ ಅಂತಾರೆ. ಆದ್ರೆ ಇದ್ದಿದ್ದು ಇದ್ದ ಹಾಗೇ ಅಲ್ವಾ?"

ಸಾಲಿಂಗ್ ಉತ್ತರ ಹೇಳುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಅವಳಕ್ಕನ ಗಂಡ ಕನೋರ್, ಊರೂರಿಗೆ ಜನರನ್ನು ಒಯ್ಯುವ ಜೀಪ್ನಿ ಓಡಿಸುವವನು. ಈ ಮನೆ ಅವನದೇ. ಯುದ್ಧ ಮುಗಿದ ಮೇಲೆ, ಮೂರು ವರ್ಷದ ಪೂರಿಂಗಳನ್ನು ಕಂಕುಳಲ್ಲಿಟ್ಟುಕೊಂಡು ಮನಿಲಾದಿಂದ ನಡೆದು ಬಂದ ಸಾಲಿಂಗಳಿಗೆ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದ. ಒಳ್ಳೆಯವನೇ. ಆದರೆ ನವೆಂಬರಿನ ಚುನಾವಣೆಗೆ ಎದುರು ಪಕ್ಷದ ಪರವಾಗಿ ಊರಿಡೀ ಓಡಾಡುತ್ತಿದ್ದ, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಕಿರಿನೋ ಬಂದ್ರೇನಮ್ಮ ಪಾಠದಲ್ಲಿ? ಚಿನ್ನದ ಉಚ್ಚೆಪಾತ್ರೆ ವಿಷಯ ಬರೆದಿದಾರಾ?" ಎಂದು ಹುಡುಗಿಯ ಜಡೆ ಎಳೆದ. ಪೂರಿಂಗ್ ಕಿಸಕ್ಕೆಂದಳು. ಅಧ್ಯಕ್ಷರ ಮಂಚದ ಕೆಳಗೆ ಅಂಥದ್ದೊಂದಿದೆ ಎಂದು ಪೇಟೆಯಲ್ಲೆಲ್ಲ ಆಡಿಕೊಳ್ಳುತ್ತಿದ್ದರು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ.

ಅವನು ಬಂದದ್ದು ಕಾಗದ ಹಿಡಿದುಕೊಂಡು. ಎರಡು ದಿನದ ಹಿಂದೆ ರೇಡಿಯೋದಲ್ಲಿ ಸುದ್ದಿ ಬಂದಿತ್ತು: ಅಮೆರಿಕದ ಆಸ್ಪತ್ರೆಯಲ್ಲಿ ಮಲಗಿರುವ ಅಧ್ಯಕ್ಷರು ಅಲ್ಲಿಂದಲೇ ಜಪಾನಿ ಕೈದಿಗಳಿಗೆ ಕ್ಷಮೆ ಕೊಟ್ಟಿದ್ದರು. ಗಲ್ಲಿನ ಶಿಕ್ಷೆಯೂ ರದ್ದು. ಮುಂದಿನ ವಾರ ಅವರನ್ನು ಜಪಾನಿಗೆ ಒಯ್ಯಲು ಹಡಗು. ಇದನ್ನು ತಡೆಯಬೇಕೆಂದು ಊರಿನವರ ಪರವಾಗಿ ಒಂದು ಮನವಿ ತಯಾರಾಗಿತ್ತು. ಕೆಳಗಿನ ಗೆರೆಗಳೆಲ್ಲ ಖಾಲಿ.

"ಮೊದಲ್ನೇ ಸಹಿ ನಿಂದಾಗ್ಬೇಕು ಸಾಲಿಂಗ್," ಎಂದ ಕನೋರ್. ಈಗ ಅವನ ದನಿಯಲ್ಲಿ ತಮಾಷೆಯಿರಲಿಲ್ಲ. "ಗಂಡ, ಎರಡು ಮಕ್ಕಳನ್ನ ಕಳ್ಕೊಂಡೋಳು ನೀನು. ನಿನ್ನ ಹೆಸರಿದ್ರೆ ಉಳಿದೋರು ಯಾರೂ ಇಲ್ಲ ಅನ್ನಲ್ಲ. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮನಿಲಾಕ್ಕೆ ಒಯ್ತೀನಿ."

"ಅಧ್ಯಕ್ಷರ ಹೆಂಡ್ತಿ ಮಕ್ಕಳೂ ಆ ಯುದ್ಧದಲ್ಲೇ ಹೋದ್ರಲ್ಲ, ಕುಯಾ," ಎಂದಳು ಸಾಲಿಂಗ್ ಭಾವನಿಗೆ, ಅಂಗಿಯಿಂದ ಕಣ್ಣೆತ್ತದೆ.

"ಅದಕ್ಕೇ ಹೇಳೋದು, ಆ ಮನುಷ್ಯನಿಗೆ ತಲೆ ಕೆಟ್ಟಿದೆ ಅಂತ. ಇದರಿಂದ ಅವನಿಗೆ ಒಂದು ವೋಟೂ ಹುಟ್ಟಲ್ಲ. ಇರೋದೂ ಹೋಗತ್ತೆ."

ಕಾಗದವನ್ನು ಮೇಜಿನ ಮೇಲಿಟ್ಟು ಅವನು ಹೋದ.

ಸಹಿ ಹಾಕಲು ಸಾಲಿಂಗಳಿಗೆ ಯೋಚನೆಯೇ ಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಇದೇ ಅಧ್ಯಕ್ಷರ ಕಾಲದಲ್ಲಿ ಹದಿನಾಲ್ಕು ಜಪಾನಿಗಳನ್ನು ಇಲ್ಲಿ ಗಲ್ಲಿಗೇರಿಸಿದಾಗ ಅವಳು ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದ್ದಳು. ಇನ್ನಾದರೂ ನಿದ್ದೆ ಬರುತ್ತದೆಂದುಕೊಂಡಿದ್ದಳು. ಬರಲಿಲ್ಲ. ಇನ್ನಷ್ಟು ಜನ ಸತ್ತರೆ ಬರಬಹುದೆಂದು ಕಾದಿದ್ದಳು.

"ನಾವೂ ಸುಮ್ಮನೆ ಬಿಡಲಿಲ್ಲ ಇನಾಯ್," ಎಂದಳು ಪೂರಿಂಗ್. ಶಾಲೆಯಿಂದ ಬರುವಾಗ ಗೆಳತಿಯರೊಡನೆ ಸೆರೆಮನೆಯ ಬೇಲಿಯ ಹತ್ತಿರ ಹೋಗಿದ್ದಳಂತೆ. ತರಕಾರಿ ತೋಟದಲ್ಲಿ ನಾಲ್ಕು ಜಪಾನಿಗಳು ಬಗ್ಗಿ ಕಳೆ ಕೀಳುತ್ತಿದ್ದರಂತೆ. "ಇದು ದೆಲಿಯಾ ಅಕ್ಕನಿಗೆ, ಇದು ಆಂಡೊಯ್ ಅಣ್ಣನಿಗೆ ಅಂತ ಹೇಳಿ ಕಲ್ಲು ಬೀರಿದೆ. ಒಬ್ಬ ಮುದುಕನ ಬೆನ್ನಿಗೆ ಬಿತ್ತು. ತಿರುಗಿ ಕೂಡ ನೋಡಲಿಲ್ಲ."

ಇಸ್ತ್ರಿ ನಿಂತಿತು. ಖಾಕಿ ಸುಡುವ ವಾಸನೆ ಬಂದಮೇಲೆ ಸಾಲಿಂಗ್ ಪೆಟ್ಟಿಗೆಯನ್ನು ಎತ್ತಿಟ್ಟಳು.

"ಆಂಡೊಯ್ ಹೇಗಿದ್ದ, ಹೇಳು."

"ಮನಿಲಾದಲ್ಲಿ, ಸಿಂಗಲೋಂಗಿನ ನಮ್ಮನೆ ಹಿಂದೆ, ಬಾವಿ ಹತ್ತಿರ, ಬಂದೂಕಿನ ಚೂರಿಯಿಂದ..."

"ಅದಲ್ಲ. ಹೇಗಿದ್ದ?"

ಹುಡುಗಿ ಪಾಠ ಮರೆತವಳಂತೆ ಅಮ್ಮನ ಮುಖ ನೋಡಿದಳು. ದೆಲಿಯಾ ಎಲ್ಲಿ ಬಿದ್ದಿದ್ದಳು, ಅವಳ ಕೈ ಯಾವ ಕಡೆ ಚಾಚಿತ್ತು, ಅಪ್ಪನನ್ನು ಎಷ್ಟು ಹೊತ್ತಿಗೆ ಎಳೆದೊಯ್ದರು, ಎಲ್ಲ ಅವಳಿಗೆ ಗೊತ್ತಿತ್ತು. ಪ್ರತಿ ಫೆಬ್ರವರಿಯಲ್ಲಿ, ಅವರು ಸತ್ತ ತಿಂಗಳಲ್ಲಿ, ದೀಪ ಹಚ್ಚಿ ಅದನ್ನೆಲ್ಲ ಹೇಳಿಕೊಟ್ಟವಳು ಸಾಲಿಂಗ್. ಸೀಬೆಹಣ್ಣನ್ನು ಬೀಜದ ಸಮೇತ ನುಂಗಿ, ಹೊಟ್ಟೆಯಲ್ಲಿ ಮರ ಹುಟ್ಟುತ್ತದೆಂದು ಆಂಡೊಯ್ ಇಡೀ ದಿನ ಅತ್ತದ್ದನ್ನು ಹೇಳಿರಲಿಲ್ಲ. ದೆಲಿಯಾ ಪೂಜೆಯ ನಡುವೆ ಶ್ರುತಿ ತಪ್ಪಿ ಹಾಡಿ ಪಾದ್ರಿಯನ್ನೇ ನಗಿಸಿದ್ದನ್ನೂ ಹೇಳಿರಲಿಲ್ಲ. ಹೇಳಿದರೆ ಎದೆ ಒಡೆಯುತ್ತಿತ್ತು. ಸಿಟ್ಟನ್ನು ಹೇಳಿಕೊಡುವುದು ಸುಲಭವಾಗಿತ್ತು.

ನಿನ್ನೆಯ ಪತ್ರಿಕೆಯಲ್ಲಿ ಅಧ್ಯಕ್ಷರ ಮಾತುಗಳಿದ್ದವು. ಕ್ಷಮಿಸುವವರಲ್ಲಿ ನಾನು ಕೊನೆಯವನಾಗಬೇಕಿತ್ತು, ನನ್ನ ಹೆಂಡತಿ, ಮೂವರು ಮಕ್ಕಳು ಹೋದರು; ಆದರೆ ಈ ದ್ವೇಷ ನನ್ನ ಮಕ್ಕಳಿಗೆ ನನ್ನಿಂದ ಆಸ್ತಿಯಾಗಿ ಹೋಗುವುದು ಬೇಡ ಎಂಬ ಅರ್ಥದ ಮಾತು. ದೊಡ್ಡವರ ಮಾತು ಹೀಗೇ ಎಂದು ಅವಳು ಪತ್ರಿಕೆ ಮಡಿಸಿಟ್ಟಿದ್ದಳು.

ಈಗ ಆ ಮನುಷ್ಯ ಬೇರೆಯಾಗಿ ಕಂಡರು. ಹೆಂಡತಿಯನ್ನೂ, ಕೂಸು ಸೇರಿ ಮೂವರು ಮಕ್ಕಳನ್ನೂ ಮಣ್ಣು ಮಾಡಿದವರು. ಉಳಿದ ಇಬ್ಬರು ಮಕ್ಕಳ ಮುಖ ನೋಡಿಕೊಂಡೇ ಐದು ವರ್ಷ ಆ ಕುರ್ಚಿಯಲ್ಲಿ ಕೂತು, ಊರವರ ಉಚ್ಚೆಪಾತ್ರೆಯ ನಗೆ ಕೇಳಿಕೊಂಡವರು. ಕಾಯಿಲೆ ಬಿದ್ದು, ಮುಂದೆ ಚುನಾವಣೆ ಇಟ್ಟುಕೊಂಡು, ವೋಟು ಹೋಗುವುದೆಂದು ಗೊತ್ತಿದ್ದೂ ಇದನ್ನು ಮಾಡಿದ್ದರು. ಗಲ್ಲಿಗೂ ಅವರದೇ ಕಾಲ, ಕ್ಷಮೆಗೂ ಅವರದೇ ಕಾಲ. ನಡುವಿನ ಎರಡು ವರ್ಷದಲ್ಲಿ ಅವರಿಗೂ ನಿದ್ದೆ ಬಂದಿರಲಿಕ್ಕಿಲ್ಲ. ಅಷ್ಟು ದೂರ ಅವರು ಒಬ್ಬರೇ ಹೇಗೆ ನಡೆದರೋ ಎಂದು ಅವಳಿಗೆ ಬೆರಗಾಯಿತು. ಮಗಳ ಪಾಠದ ಪಟ್ಟಿಯಲ್ಲಿದ್ದ ಉಳಿದ ಅಧ್ಯಕ್ಷರು ಊರು ಉಳಿಸಿದರು, ಬಾವುಟ ಹಾರಿಸಿದರು. ಇವರು ಮಾಡಿದ್ದಕ್ಕೆ ಮೆರವಣಿಗೆ ಮಾಡುವವರಿಲ್ಲ.

ಅವಳು ಕ್ಷಮಿಸಿರಲಿಲ್ಲ. ಆ ಸಿಟ್ಟು ಹಾಗೇ ಇತ್ತು. ಬಹುಶಃ ಸಾಯುವವರೆಗೂ ಇರುತ್ತದೆ. ಇರಲಿ, ಅದು ನನ್ನದು, ಎಂದುಕೊಂಡಳು.

"ಸಹಿ ಹಾಕ್ತೀಯಾ ಇನಾಯ್?" ಎಂದಳು ಪೂರಿಂಗ್.

"ಬೆಳಿಗ್ಗೆ ನೋಡೋಣ. ನೀನು ಪಾಠ ಮುಗಿಸು. ಲೌರೆಲ್ ಹೆಸರೂ ಕಲಿತ್ಕೋ, ಪುಸ್ತಕದಲ್ಲಿಲ್ಲದಿದ್ರೂ."

ಹುಡುಗಿ ಮತ್ತೆ ಅಗಿನಾಲ್ಡೊನಿಂದ ಶುರುಮಾಡಿದಳು. ಕನೋರ್ ನಾಳೆ ಬೇಸರಪಟ್ಟುಕೊಳ್ಳುತ್ತಾನೆ, ಅಕ್ಕ ಎರಡು ದಿನ ಮಾತು ಬಿಡುತ್ತಾಳೆ. ಕಾಗದ ಹಾಗೇ ಖಾಲಿಯಾಗಿ ಅವನ ಕೈಗೆ ಹೋಗುತ್ತದೆ. ಶಾಲೆಯ ದಾರಿಯಲ್ಲಿ ಸೀಬೆಬೀಜದ ಕಥೆ ಹೇಳಬೇಕು. ನಡುವೆ ಅಳು ಬಂದರೆ ಬರಲಿ.

ಸಾಲಿಂಗ್ ಕಾಗದವನ್ನು ಪಕ್ಕಕ್ಕೆ ಸರಿಸಿ ಏಳನೆಯ ಅಂಗಿ ಹರಡಿದಳು.