ಕೆಂಪು ಪೆನ್ಸಿಲಿನ ಸುತ್ತು

ನಾಸಿಕ್‌ನಲ್ಲಿ ಬೆಳಗಿನ ಬಸ್ಸು ಹತ್ತುವಾಗಲೇ ಶಾಂತಾಬಾಯಿ ಗಂಡನಿಂದ ಮಾತು ತೆಗೆದುಕೊಂಡಿದ್ದಳು: ಇವತ್ತೊಂದು ದಿನ ಯಾವುದರಲ್ಲೂ ತಪ್ಪು ಹುಡುಕಬಾರದು. ಮನ್ಮಥಪ್ಪ ಹೂಂ ಅಂದಿದ್ದ. ದಾರಿಯಲ್ಲಿನ ಯೇವಲಾ ಊರು ದಾಟುವಷ್ಟರಲ್ಲಿ ಕಿಟಕಿಯ ಎರಡು ಸ್ಕ್ರೂ ಸಡಿಲವಾಗಿವೆ ಎಂದು ಕಂಡಕ್ಟರನಿಗೆ ಮರಾಠಿಯಲ್ಲಿ ತಿಳಿಸಿಯೂ ಆಗಿತ್ತು. ಅದು ಲೆಕ್ಕಕ್ಕಿಲ್ಲ, ಪ್ರಯಾಣಿಕರ ಸುರಕ್ಷತೆಯ ವಿಷಯ ಎಂದು ತನಗೆ ತಾನೇ ಮಾಫಿ ಕೊಟ್ಟುಕೊಂಡ.

ಬೀದರ್ ಜಿಲ್ಲೆಯ ಭಾಲ್ಕಿಯಿಂದ ಬಂದು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆ ಮಾಡಿದ ಮನುಷ್ಯ. ತಗಡಿನ ಮೇಲೆ ಗೀರು, ತಗ್ಗು, ಸಡಿಲ ರಿವಿಟ್ಟು ಕಂಡಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಸುತ್ತು ಹಾಕುವುದು ಆತನ ಕೆಲಸ. ಅದು ಸರಿಯಾಗುವ ತನಕ ತಗಡು ಮುಂದೆ ಹೋಗುವಂತಿರಲಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾದರೂ ಆ ದಪ್ಪ ಮೇಣದ ಪೆನ್ಸಿಲ್ ಅಂಗಿಯ ಕಿಸೆ ಬಿಟ್ಟಿರಲಿಲ್ಲ. ಹೆಂಡತಿ ಬಡಿದ ರೊಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಮುರಿಯುತ್ತಿದ್ದ.

ಮಗಳು ಅಶ್ವಿನಿ ಸಂಭಾಜಿನಗರದಲ್ಲಿ ಚಿತ್ರಕಲೆ ಓದುತ್ತಿದ್ದಳು, ಅಪ್ಪನ ಮಾತು ಮೀರಿ. ಮೂರು ವರ್ಷದಿಂದ ಅವಳ ಫೋನ್ ಬಂದರೆ ಅವ್ವನ ಜೊತೆ ಅರ್ಧ ತಾಸು, ಅಪ್ಪನ ಜೊತೆ ಊಟ ಆಯಿತೇ ಎನ್ನುವಷ್ಟು. ಕಳೆದ ವಾರ ಮಾತ್ರ ತಾನಾಗಿ ಅಪ್ಪನನ್ನು ಕರೆದಿದ್ದಳು. ತರಗತಿಯವರೆಲ್ಲ ಸೇರಿ ಒಂದು ಗ್ಯಾಲರಿಯಲ್ಲಿ ಪ್ರದರ್ಶನ ಇಟ್ಟಿದ್ದರು. ಚಿತ್ರಗಳ ಕೆಳಗೆ ಸಂಜೆಯ ತನಕ ಹೆಸರಿಲ್ಲ, ಬರೀ ನಂಬರು. ಬಂದವರು ತಮಗೆ ಹಿಡಿಸಿದ್ದು ಯಾವುದು, ಯಾಕೆ ಎಂದು ಚೀಟಿ ಬರೆದು ಡಬ್ಬಿಗೆ ಹಾಕಬೇಕು. ತನ್ನದು ಯಾವುದೆಂದು ಮಾತ್ರ ಹೇಳಲಾರೆ ಎಂದಿದ್ದಳು. ಅಂದಿನಿಂದ ಮನ್ಮಥಪ್ಪನ ತಲೆಯಲ್ಲಿ ಒಂದೇ ವಿಚಾರ: ಮಗಳ ಚಿತ್ರವನ್ನೇ ಆರಿಸಬೇಕು, ಒಂದು ಒಳ್ಳೆಯ ಮಾತು ಬರೆಯಬೇಕು, ಅವಳು ಮತ್ತೆ ತನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಬೇಕು.

ಗ್ಯಾಲರಿಯೊಳಗೆ ನಾಲ್ಕನೇ ನಂಬರಿನ ಚಿತ್ರದ ಮುಂದೆ ಆತನ ಕಾಲು ನಿಂತವು. ತ್ರ್ಯಂಬಕೇಶ್ವರದ ತೀರ್ಥಕುಂಡ, ಮೆಟ್ಟಿಲುಗಳು ಸ್ಕೇಲು ಹಿಡಿದು ಎಳೆದಷ್ಟು ನೇರ. ಇಷ್ಟು ಅಚ್ಚುಕಟ್ಟು ಬೇರೆ ಯಾರ ರಕ್ತದಲ್ಲಿ ಬರಲು ಸಾಧ್ಯ? ಚೀಟಿ ತೆಗೆದುಕೊಂಡು, 'ಇದೇ ಉತ್ತಮ. ಕಲಾವಿದರ ಮನೆಯಲ್ಲಿ ಒಳ್ಳೆಯ ಶಿಸ್ತು ಇದ್ದಿರಬೇಕು' ಎಂದು ಬರೆದು ಡಬ್ಬಿಗೆ ಹಾಕಿದ. ಮಗಳನ್ನು ಹೊಗಳುವ ನೆಪದಲ್ಲಿ ತನ್ನ ಬೆನ್ನನ್ನೇ ತಟ್ಟಿಕೊಂಡದ್ದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಬಂದ ಕೆಲಸ ಮುಗಿಯಿತಲ್ಲ, ಇನ್ನು ಕಣ್ಣಿಗೆ ಕಡಿವಾಣವಿರಲಿಲ್ಲ. ಹನ್ನೊಂದನೇ ಚಿತ್ರದಲ್ಲಿ ಒಬ್ಬ ಗಂಡಸು ಕಿಟಕಿಯ ಬೆಳಕಿಗೆ ರೊಟ್ಟಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಹಿಂದೆ ಬಾಗಿಲಲ್ಲಿ ಫ್ರಾಕು ಹಾಕಿದ ಪುಟ್ಟ ಹುಡುಗಿ. ಎಂಥ ಗಂಟುಮೋರೆ ಇವನದು, ಇವನಿಗೆ ರೊಟ್ಟಿ ಹಾಕಿದ್ದೇ ಹೆಚ್ಚಾಯಿತು ಎಂದು ಮನ್ಮಥಪ್ಪ ಹೆಂಡತಿಗೆ ಹೇಳಿದ. ಶಾಂತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಆತನ ಕಣ್ಣಿಗೆ ಬಿತ್ತು: ಹುಡುಗಿಗೆ ಒಂದೇ ಕೈ. ತನ್ನ ಕೈ ಕಿಸೆಗೆ ಹೋದದ್ದು ಆತನಿಗೇ ಗೊತ್ತಾಗಲಿಲ್ಲ. ನೋಡನೋಡುತ್ತ ಚಿತ್ರದ ಗಾಜಿನ ಮೇಲೆ, ಹುಡುಗಿಯ ಎಡಗಡೆಗೆ, ದುಂಡನೆಯ ಕೆಂಪು ಸುತ್ತು ಬಿತ್ತು.

"ಎಡಗೈ ಬಿಟ್ಟು ಹೋಗ್ಯಾದ ನೋಡು," ಎಂದ.

"ಬಿಟ್ಟು ಹೋಗಿಲ್ಲ, ಪಪ್ಪಾ." ಅಶ್ವಿನಿ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. "ಕೈ ಬೆನ್ನ ಹಿಂದ ಅದ. ಅದರಾಗ ಒಂದು ಚಿತ್ರ ಅದ. ನಿಮಗ ಕಾಣಬಾರದಂತ ಮುಚ್ಚಿಟ್ಕೊಂಡಾಳ."

ಮನ್ಮಥಪ್ಪ ಚಿತ್ರದ ಗಂಡಸನ್ನು ಮತ್ತೊಮ್ಮೆ ನೋಡಿದ. ಅವನ ಅಂಗಿಯ ಕಿಸೆಯಿಂದಲೂ ಕೆಂಪು ಪೆನ್ಸಿಲಿನ ತುದಿ ಇಣುಕುತ್ತಿತ್ತು. ಗಂಟುಮೋರೆಯ ಗುರುತೂ ಹತ್ತಿತು.

ಶಾಲೆಯಲ್ಲಿ ಮೂರನೇ ಇಯತ್ತೆಯಲ್ಲಿದ್ದಾಗ ಅವಳು ಬರೆದು ತಂದಿದ್ದ ಕಾಗೆ ನೆನಪಾಯಿತು. ಕಾಲಿಗೆ ಮೂರೇ ಬೆರಳಿವೆ ಎಂದು ಆತ ಸುತ್ತು ಹಾಕಿ ವಾಪಸು ಕೊಟ್ಟಿದ್ದ. ಆಮೇಲೆ ಅವಳು ತೋರಿಸುವುದನ್ನೇ ಬಿಟ್ಟಳು. ಚಿತ್ರ ಬರೆಯುವ ಹುಚ್ಚು ಇಳಿಯಿತೆಂದು ಆತ ಸಮಾಧಾನಪಟ್ಟಿದ್ದ. ವಿಮಾನದ ರೆಕ್ಕೆಯಲ್ಲಿ ಕೂದಲೆಳೆಯ ಬಿರುಕು ಹಿಡಿದು ಸಾಹೇಬರಿಂದ ಶಾಭಾಸ್ ಅನ್ನಿಸಿಕೊಂಡ ಕಣ್ಣಿಗೆ ಬಾಗಿಲಲ್ಲಿ ನಿಂತ ಸ್ವಂತ ಕೂಸು ಕಂಡಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಕರವಸ್ತ್ರ ತೆಗೆದು ಒರೆಸಹೋದರೆ ಮೇಣ ಹರಡಿ ಗಾಜೆಲ್ಲ ಕೆಂಪಾಯಿತು. ಅಶ್ವಿನಿ ನಕ್ಕುಬಿಟ್ಟಳು. ಮತ್ತೊಂದು ಚೀಟಿ ಸಿಗುವುದೇ ಎಂದು ಆತ ಕೇಳಿದ. ಒಬ್ಬರಿಗೆ ಒಂದೇ ಎಂದಳು. ಕುಂಡದ ಮೆಟ್ಟಿಲು ಬರೆದವನಿಗೆ ಅಪ್ಪನ ಹೊಗಳಿಕೆ ಹೋಗಿ ಮುಟ್ಟಿತು, ಮಗಳಿಗೆ ಉಳಿದದ್ದು ಸುತ್ತು. ಆತ ಮೆಲ್ಲಗೆ ಕೇಳಿದ:

"ಆ ಕೈಯಾಗ ಏನದ, ಈಗರೆ ತೋರಸ್ತೀ ಏನವ್ವಾ?"

ಅಶ್ವಿನಿ ಅಪ್ಪನ ಮುಖ ನೋಡಿದಳು. "ಮೊದಲ ಪೆನ್ಸಿಲ್ ಅವ್ವನ ಕೈಯಾಗ ಕೊಡ್ರಿ."

ಕೊಟ್ಟ. ಶಾಂತಾಬಾಯಿ ಅದನ್ನು ಪರ್ಸಿಗೆ ಹಾಕಿ ಜಿಪ್ಪು ಎಳೆದಳು. ಮೂವರೂ ಗೋಡೆ ಬದಿಯ ಬೆಂಚಿನ ಮೇಲೆ ಕೂತರು. ಮಗಳು ಚೀಲದಿಂದ ಚಿತ್ರದ ವಹಿ ತೆಗೆದು ಅಪ್ಪನ ತೊಡೆಯ ಮೇಲಿಟ್ಟಳು. ಮೊದಲ ಹಾಳೆಯಲ್ಲೇ ಒಂದು ಕಾಗೆ. ಕಾಲಿಗೆ ಮೂರೇ ಬೆರಳು, ಬೇಕೆಂದೇ. ಸಾಲದ್ದಕ್ಕೆ ಬಾಲ ಅರ್ಧ ಇಂಚು ಉದ್ದವಾಗಿತ್ತು. ಆತನ ಬೆರಳುಗಳು ಖಾಲಿ ಕಿಸೆಯ ತನಕ ಹೋಗಿ ಹಿಂದೆ ಬಂದವು.

"ಮುಂದಿಂದು ತೋರ್ಸು," ಎಂದ ಮನ್ಮಥಪ್ಪ.