ಕೊನೆಯ ಹಾಳೆಯ ಭಯ

ನಾನು ಮುನ್ನೂರ ಹನ್ನೆರಡು ಪುಟಗಳ ಒಂದು ಕಾದಂಬರಿ. ಹುಟ್ಟಿನಿಂದಲೇ ಪುಕ್ಕಲು. ಮುದ್ರಣಾಲಯದಲ್ಲಿ ಬೆನ್ನಿಗೆ ಬಿಸಿ ಅಂಟು ಬಳಿದು, ಕತ್ತರಿ ಯಂತ್ರದ ಕೆಳಗಿಟ್ಟು ಮೂರು ಕಡೆ ಅಂಚು ಕತ್ತರಿಸಿದರು. ಆ ಅಲಗು ಇಳಿದ ಸದ್ದನ್ನು ನಾನಿನ್ನೂ ಮರೆತಿಲ್ಲ. ಈಗಲೂ ಯಾರಾದರೂ ಪಕ್ಕದಲ್ಲಿ ಅಡಕೆ ಕತ್ತರಿಸಿದರೆ ಮೈ ನಡುಗುತ್ತದೆ.

ಪುಸ್ತಕಗಳ ಪಾಡು ಒಂದು ಥರ ವಿಚಿತ್ರ. ನಮ್ಮೊಳಗೆ ಏನು ಬರೆದಿದೆ ಎಂಬುದು ನಮಗೇ ಗೊತ್ತಿರುವುದಿಲ್ಲ. ಯಾರಾದರೂ ಓದಿದರೆ, ಅವರ ಕಣ್ಣು ಹರಿದಷ್ಟು ಮಾತ್ರ ನಮಗೂ ತಿಳಿಯುತ್ತದೆ. ಹಾಗಾಗಿ ಹುಬ್ಬಳ್ಳಿಯ ಹೊಂಬಾಳಿ ಪುಸ್ತಕ ಭಂಡಾರದ ಕಪಾಟಿಗೆ ಬಂದು ಕೂತಾಗ ನಾನು ನನಗೇ ಅಪರಿಚಿತ.

ನಾನು ಬಂದ ದಿನವೇ ಪಕ್ಕದಲ್ಲಿದ್ದ ಹಳೆಯ ನಿಘಂಟು ನನ್ನ ನೆಮ್ಮದಿ ಕೆಡಿಸಿತು. ಮಾರಾಟವಾಗದವು, ಹಾಳೆ ತಪ್ಪಿದವು ಗಂಟು ಕಟ್ಟಿಸಿಕೊಂಡು ವಾಪಸು ಹೋಗುತ್ತವಂತೆ. ಅಲ್ಲಿಂದ ರದ್ದಿ. ನೀರಲ್ಲಿ ನೆನೆಸಿ, ಅರೆದು, ಮೊಟ್ಟೆ ಇಡುವ ಟ್ರೇ ಮಾಡುತ್ತಾರಂತೆ. ನನ್ನ ಕತೆ ಏನೆಂದು ತಿಳಿಯುವ ಮೊದಲೇ ನಾನು ಮೊಟ್ಟೆ ಹೊರಬೇಕೇ? ಅಂದಿನಿಂದ ನನಗೆ ನಿದ್ದೆಯಿಲ್ಲ.

ಆಗ ನನ್ನನ್ನು ಕೈಗೆತ್ತಿಕೊಂಡವಳು ನೀಲಕ್ಕ. ಅಂಗಡಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಯಾವ ಪುಸ್ತಕ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವಳು. ಆದರೆ ಮಾಲಕರಾದ ಬಸಲಿಂಗಪ್ಪ ಹೊಂಬಾಳಿಯವರದು ಕಟ್ಟುನಿಟ್ಟಿನ ನಿಯಮ: ಮಾರುವ ಪುಸ್ತಕವನ್ನು ಕೆಲಸದವರು ಓದಬಾರದು. "ಓದಿದ ಪುಸ್ತಕ ಅಂದ್ರ ಉಂಡ ಎಲಿ. ಗಿರಾಕಿಗೆ ಹೆಂಗ ಬಡಸ್ತೀ?" ಎನ್ನುತ್ತಿದ್ದರು. ಅವಳಿಗಿಂತ ಮೊದಲು ಆ ಜಾಗದಲ್ಲಿದ್ದವನು ಓದುತ್ತಾ ಸಿಕ್ಕಿಬಿದ್ದೇ ಕೆಲಸ ಕಳೆದುಕೊಂಡಿದ್ದ. ಮಾಲಕರು ಮಾತ್ರ ನಲವತ್ತು ವರ್ಷದಲ್ಲಿ ಒಂದು ಪುಸ್ತಕವನ್ನೂ ಓದಿರಲಿಲ್ಲ.

ಅವರು ಹನ್ನೊಂದು ಗಂಟೆಗೆ ಚಹಾಕ್ಕೆ ಹೊರಟರೆ ನೀಲಕ್ಕನ ಓದು ಶುರು. ಕೈಯನ್ನು ಸೆರಗಿಗೆ ಎರಡು ಸಲ ಒರೆಸುವಳು. ನನ್ನನ್ನು ಅಂಗೈ ಅಗಲದಷ್ಟು ಮಾತ್ರ ತೆರೆಯುವಳು, ಬೆನ್ನಿಗೆ ಗೆರೆ ಬೀಳಬಾರದಲ್ಲ! ಕತ್ತು ಓರೆ ಮಾಡಿ, ಬಾಗಿಲ ಸಂದಿಯಲ್ಲಿ ಇಣುಕುವ ಹಾಗೆ ಓದುವಳು. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಬೀದಿಯ ಮೇಲೆ. ಬೀದಿಯಲ್ಲಿ ಚಪ್ಪಲಿ ಸದ್ದಾದರೆ ಅವಳ ಎದೆಯೂ ನನ್ನ ಹಾಳೆಗಳೂ ಒಟ್ಟಿಗೇ ಹಾರುತ್ತಿದ್ದವು. ದಿನಕ್ಕೆ ಎಂಟು ಪುಟ. ಆಮೇಲೆ ಗುರುತಿಗೆ ಬಸ್ ಟಿಕೆಟ್ ಇಟ್ಟು, ಉಪ್ಪಿನಕಾಯಿ ಮಾಡುವ ಪುಸ್ತಕಗಳ ಹಿಂದೆ ನನ್ನನ್ನು ಬಚ್ಚಿಡುವಳು. ನಮ್ಮೂರಲ್ಲಿ ಉಪ್ಪಿನಕಾಯಿಯನ್ನು ಪುಸ್ತಕ ನೋಡಿ ಯಾರೂ ಹಾಕುವುದಿಲ್ಲ, ಹಾಗಾಗಿ ಅತ್ತ ಯಾರೂ ಸುಳಿಯುತ್ತಿರಲಿಲ್ಲ.

ಹೀಗೆ ನನ್ನ ಕತೆ ನನಗೆ ತಿಳಿಯುತ್ತಾ ಬಂತು. ನನ್ನೊಳಗೆ ಭಾಗೀರಥಿ ಎಂಬವಳಿದ್ದಳು. ಮನೆಗೆ ಬೀಗ ಹಾಕಿ, ಹನ್ನೊಂದು ವರ್ಷ ಊರು ಬಿಟ್ಟಿದ್ದವಳು. ತಿರುಗಿ ಬರುತ್ತಾಳೋ ಇಲ್ಲವೋ? ನೀಲಕ್ಕನಷ್ಟೇ ನನಗೂ ತಳಮಳ.

ಇನ್ನೂರ ಎಂಬತ್ತಾರು ಪುಟ ಮುಗಿದ ಮರುದಿನ, ನಿವೃತ್ತ ಮಾಸ್ತರರೊಬ್ಬರು ಹುಡುಕಿ ಹುಡುಕಿ ನನ್ನನ್ನು ಹೊರಗೆಳೆದರು.

"ಇದನ್ನ ಕೊಡವ್ವಾ."

ನೀಲಕ್ಕ ನನ್ನತ್ತ ಕೈ ಚಾಚಿದಳು. "ಅದು ಬ್ಯಾಡ್ರೀ ಸರ," ಎಂದಳು. "ಅದಕ್ಕ ಕಡೀ ಹಾಳಿನ ಇಲ್ಲ."

ಮಾಸ್ತರರು ಬೇರೊಂದು ಪುಸ್ತಕ ಕೊಂಡು ಹೋದರು. ನನಗೆ ಮಾತ್ರ ಜೀವವೇ ಬಾಯಿಗೆ ಬಂತು. ಅವಳು ಸುಳ್ಳು ಹೇಳಿದಳೋ, ನಿಜ ಹೇಳಿದಳೋ? ನನ್ನ ಕೊನೆಯನ್ನು ಯಾರೂ ನೋಡಿಲ್ಲ. ಆ ಅಲಗಿನ ಕೆಳಗೆ ಒಂದು ಹಾಳೆ ಉಳಿದುಹೋಗಿದ್ದರೆ? ಭಾಗೀರಥಿ ದಾರಿಯಲ್ಲೇ ನಿಂತಿದ್ದರೆ? ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಚಹಾ ಮುಗಿಸಿ ಬಂದ ಮಾಲಕರು ಬಾಗಿಲಲ್ಲಿ ನಿಂತು ಆ ಮಾತನ್ನು ಕೇಳಿದ್ದರು.

ಮರುದಿನ ನೀಲಕ್ಕ ಬರುವ ಮೊದಲೇ ಅವರು ನನ್ನನ್ನು ವಾಪಸಿನ ಗಂಟಿಗೆ ಸೇರಿಸಿ ಹಗ್ಗ ಬಿಗಿದರು. ಟೆಂಪೊ ಬಂದು ನಿಂತಿತು. ಮೊಟ್ಟೆಯ ಟ್ರೇ ಕಣ್ಣ ಮುಂದೆ ಬಂತು. ನೀಲಕ್ಕ ಬಂದವಳೇ ಉಪ್ಪಿನಕಾಯಿ ಪುಸ್ತಕಗಳ ಹಿಂದೆ ಕೈ ಹಾಕಿದಳು. ಅಲ್ಲಿ ಖಾಲಿ. ತಿರುಗಿದಾಗ ಗಂಟಿನಿಂದ ಹೊರಚಾಚಿದ್ದ ಬಸ್ ಟಿಕೆಟಿನ ತುದಿ ಕಂಡಿತು.

"ಮಾಲಕರ, ಇದನ್ನ್ಯಾಕ ಕಟ್ಟೀರಿ?"

"ಕಡೀ ಹಾಳಿ ಇಲ್ಲಂತ ನೀನ ಅಂದಿ."

"ಐತ್ರೀ."

"ನಿನಗ ಹೆಂಗ ಗೊತ್ತು?"

ಟೆಂಪೊದವನು ಹಾರ್ನ್ ಒತ್ತಿದ. ನೀಲಕ್ಕ ಹಗ್ಗ ಬಿಚ್ಚಿ ನನ್ನನ್ನು ಎಳೆದುಕೊಂಡಳು. ಅಂಗೈ ಅಗಲಕ್ಕಿಂತ ಹೆಚ್ಚು ಎಂದೂ ತೆರೆಯದವಳು ಮೇಜಿನ ಮೇಲೆ ನನ್ನನ್ನು ಕೊನೆಯ ಪುಟಕ್ಕೆ ತೆರೆದು ಪೂರ್ತಿ ಮಡಚಿದಳು. ಬೆನ್ನು ಲಟಕ್ಕೆಂದಿತು. ತಾನು ಮಾತ್ರ ಮುಖವನ್ನು ಗೋಡೆಯತ್ತ ತಿರುಗಿಸಿದಳು.

"ನೀವ ನೋಡ್ರೀ."

ಮಾಲಕರು ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದತೊಡಗಿದರು. "ಭಾಗೀರಥಿ ಬೀಗದ ಕೈಯನ್ನು..."

"ಅಯ್ಯ, ಜೋರಾಗಿ ಓದಬ್ಯಾಡ್ರೀ! ನಂದಿನ್ನೂ ಇಪ್ಪತ್ತಾರು ಪುಟ ಉಳದಾವ!"

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಬಾಯಿಗೆ ಸೆರಗು ಒತ್ತಿಕೊಂಡಳು. ಕೆಲಸ ಹೋಯಿತು ಎಂದು ನಾನೂ ಅಂದುಕೊಂಡೆ. ಮಾಲಕರು ಟಿಕೆಟನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಸಾಲಿನ ಮೇಲೆ ಬೆರಳಿಟ್ಟು ಉಳಿದದ್ದನ್ನು ಮನಸ್ಸಿನಲ್ಲೇ ಓದಿದರು. ಅವರ ಕಣ್ಣಲ್ಲಿ ನಾನು ನನ್ನ ಕೊನೆಯನ್ನು ಕಂಡೆ. ನನಗೆ ಕೊನೆಯ ಹಾಳೆ ಇತ್ತು.

"ಈಕಿ ಹನ್ನೊಂದು ವರ್ಷ ಎಲ್ಲಿದ್ಲು?" ಎಂದು ಕೇಳಿದರು.

"ಮೊದಲಿಂದ ಓದಿದ್ರ ಗೊತ್ತಾಗತೈತ್ರೀ," ಎಂದಳು ನೀಲಕ್ಕ, ಇನ್ನೂ ಗೋಡೆಯನ್ನೇ ನೋಡುತ್ತಾ.

"ಬೆನ್ನ ಮುರದೈತಿ. ಇನ್ನ ಇದನ್ನ ಮಾರಾಕ ಬರೂದಿಲ್ಲ," ಎಂದು ಗೊಣಗಿ ಮಾಲಕರು ನನ್ನನ್ನು ಮೇಜಿನ ಮೇಲೇ ಬಿಟ್ಟರು. ಟೆಂಪೊ ನಾನಿಲ್ಲದೆ ಹೋಯಿತು. ನೀಲಕ್ಕ ಮೂರು ದಿನ ಎಲ್ಲರೆದುರೇ ಕೂತು ನನ್ನನ್ನು ಮುಗಿಸಿದಳು. ಕೊನೆಯಲ್ಲಿ ಅತ್ತಳು. ಮರುದಿನ ಮಾಲಕರು ನನ್ನನ್ನು ತಮ್ಮ ದುಡ್ಡಿನ ಗಲ್ಲೆಯ ಬದಿಗೆ ಎಳೆದುಕೊಂಡರು.

ಈಗ ನಾನಿರುವುದು ಅಲ್ಲೇ. ಮೈ ಹಳದಿಯಾಗಿದೆ, ಬೆನ್ನಿಗೆ ಅಂಟುಪಟ್ಟಿ ಬಂದಿದೆ. ಮಾಲಕರಿಗೆ ಎಪ್ಪತ್ತಾರು ದಾಟಿತು. ಹೆಬ್ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುತ್ತಾರೆ, ನಾನು ಸಹಿಸಿಕೊಳ್ಳುತ್ತೇನೆ. ದಿನಕ್ಕೆ ಒಂದೋ ಎರಡೋ ಪುಟ ಓದಿ ತೂಕಡಿಸುತ್ತಾರೆ. ಎದ್ದರೆ ಹೆಸರುಗಳು ಮರೆತಿರುತ್ತವೆ, ಮತ್ತೆ ಹಿಂದಕ್ಕೆ ಹೋಗುತ್ತಾರೆ. ವರ್ಷವಾಯಿತು, ಬಸ್ ಟಿಕೆಟ್ ಇನ್ನೂ ತೊಂಬತ್ತನೆಯ ಪುಟದಲ್ಲಿದೆ.

ಮೊಟ್ಟೆಯ ಟ್ರೇ ಈಗ ಕನಸಲ್ಲೂ ಬರುವುದಿಲ್ಲ. ಆದರೆ ಹನ್ನೊಂದರ ಚಹಾ ಮುಗಿಸಿ ಬರುವ ಅವರ ಚಪ್ಪಲಿ ಸದ್ದು ತಡವಾದರೆ ನನ್ನ ಹಾಳೆಗಳು ನಡುಗುತ್ತವೆ. ಅವರಿಗೆ ನನ್ನ ಕೊನೆ ಗೊತ್ತು, ಅಲ್ಲಿಗೆ ಹೋಗುವ ದಾರಿ ಗೊತ್ತಿಲ್ಲ. ಇನ್ನೂ ಇನ್ನೂರ ಇಪ್ಪತ್ತೆರಡು ಪುಟ ಉಳಿದಿವೆ. ಬೇಗ ಓದಿ ಮಾಲಕರೇ ಎನ್ನಲು ನನಗೆ ಬಾಯಿಲ್ಲ.