ಅಕ್ಕನ ಕುರ್ಚಿಯವರೆಗೆ ಒಂದು ಕೇಬಲ್

ನನ್ನ ಭಾವ ದರ್ಜಿ. ಅಳತೆಯಲ್ಲಿ ಅವರನ್ನು ಮೀರಿಸುವವರು ಈ ಬೀದಿಯಲ್ಲಿ ಇಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮನೆಗೆ ಹೋಮ್ ಥಿಯೇಟರ್ ತಂದ ದಿನ ಅವರು ಮಾಡಿದ್ದೇನು? ಕೊರಳಲ್ಲಿದ್ದ ಟೇಪು ತೆಗೆದು ಆಂಪ್ಲಿಫೈಯರಿನಿಂದ ಟಿವಿ ಪಕ್ಕದ ಮೂಲೆಯವರೆಗೆ ಅಳೆದು, ಒಂದು ಬೆರಳೂ ಹೆಚ್ಚಿಲ್ಲದಂತೆ ಸಬ್‌ವೂಫರಿಗೆ, ಅಂದರೆ ಬಾಸ್ ಸದ್ದಿನ ಪೆಟ್ಟಿಗೆಗೆ, ಕೇಬಲ್ ಕೊಂಡು ತಂದರು. ಪೆಟ್ಟಿಗೆ ಎಲ್ಲಿ ಕೂರಬೇಕು ಎಂದು ಯಾರನ್ನೂ ಕೇಳಲಿಲ್ಲ. ಕೇಳುವುದಾದರೆ ನನ್ನನ್ನು ಕೇಳಬೇಕಿತ್ತು. ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಅದು ಮುಚ್ಚಿದ ಮೇಲೆ ಮನೆಮನೆಗೆ ಹೋಗಿ ಸ್ಪೀಕರ್ ಕೂರಿಸುತ್ತೇನೆ. ಬೇರೆ ವಿಷಯದಲ್ಲಿ ನನ್ನ ಮಾತು ಹೆಚ್ಚುಕಮ್ಮಿ ಆಗಬಹುದು. ಸದ್ದಿನ ವಿಷಯ ಬಂದರೆ ಎದೆ ತಟ್ಟಿ ಹೇಳುತ್ತೇನೆ.

"ಬಾರಯ್ಯ ಆಪರೇಟರ್, ನಿಂಗೇನೂ ಕೆಲಸ ಉಳಿಸಿಲ್ಲ. ಸಿಕ್ಕಿಸಿದ್ರೆ ಮುಗೀತು," ಎಂದರು ಭಾವ.

ಕೇಬಲ್ ಎತ್ತಿ ನೋಡಿದೆ. ಹೆಬ್ಬೆರಳಿನಷ್ಟು ದಪ್ಪ, ತುದಿಯಲ್ಲಿ ಚಿನ್ನದ ಬಣ್ಣದ ಪಿನ್ನು, ಮೈಮೇಲೆ ಕೆಂಪು ನೂಲಿನ ಹೆಣಿಗೆ. ಮದುವೆಗೆ ಹೊರಟ ಹಾಗೆ ಸಿಂಗರಿಸಿಕೊಂಡಿತ್ತು.

"ಭಾವ, ಇದು ಸಾಲಲ್ಲ."

"ಸಾಲದೆ ಏನು? ಎರಡು ಸಲ ಅಳ್ದಿದ್ದೀನಿ."

"ಅಳತೆ ಸರಿಯಾಗೇ ಇದೆ, ಜಾಗ ತಪ್ಪು. ಈ ಪೆಟ್ಟಿಗೆ ಟಿವಿ ಹತ್ರ ಕೂರಲ್ಲ. ಅಕ್ಕನ ಕುರ್ಚಿ ಹಿಂದೆ ಕೂರುತ್ತೆ."

ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಒಂದು ಕೆಟ್ಟ ಜ್ವರ ಬಂದು ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಯಿತು. ಕಿವಿಗೆ ಯಂತ್ರ ಹಾಕಿಸಿಯೂ ನೋಡಿದೆವು, ಏನೂ ಪ್ರಯೋಜನವಾಗಲಿಲ್ಲ. ಗಟ್ಟಿಗಿತ್ತಿ ಅವಳು, ತುಟಿ ನೋಡಿ ಮಾತು ಹಿಡಿಯುವುದನ್ನು ಬೇಗನೆ ಕಲಿತಳು. ಅಂಗಡಿಯಲ್ಲಿ ಭಾವನ ಎದುರು ಕೂತು ಮೊದಲಿನ ಹಾಗೇ ಹೊಲಿಯುತ್ತಾಳೆ. ಆದರೆ ಸಿನಿಮಾ ಎಂದರೆ ಊಟ ಬಿಟ್ಟು ಓಡಿಬರುತ್ತಿದ್ದವಳು, ಈಗ ಮನೆಯವರು ಟಿವಿ ಮುಂದೆ ಕೂತ ತಕ್ಷಣ ಎದ್ದು ಅಡುಗೆಮನೆ ಸೇರುತ್ತಾಳೆ. ಮೊದಮೊದಲು ಕೂರುತ್ತಿದ್ದಳು. ಅವನೇನಂದ, ನೀವ್ಯಾಕೆ ನಕ್ರಿ ಎಂದು ಕೇಳುತ್ತಿದ್ದಳು. ಯಾರಾದರೂ ಅರ್ಧಂಬರ್ಧ ಹೇಳುವಷ್ಟರಲ್ಲಿ ಮುಂದಿನ ದೃಶ್ಯ ಬಂದಿರುತ್ತಿತ್ತು. ಕ್ರಮೇಣ ಕೇಳುವುದನ್ನು ಬಿಟ್ಟಳು, ಆಮೇಲೆ ಕೂರುವುದನ್ನೂ ಬಿಟ್ಟಳು. ಅವಳ ಕುರ್ಚಿಯ ಮೇಲೆ ಈಗ ಇಸ್ತ್ರಿಗೆ ಕಾಯುವ ಬಟ್ಟೆ ಕೂರುತ್ತದೆ.

ಸಬ್‌ವೂಫರ್ ಮಾಡುವ ಸದ್ದು ಕಿವಿಗಿಂತ ಮೊದಲು ಮೈಗೆ ತಾಗುವಂಥದ್ದು. ಗುಡುಗು, ಲಾರಿ, ಕುದುರೆಯ ಓಟ, ಇಂಥವೆಲ್ಲ ಅದರ ಪಾಲು. ಆ ಪೆಟ್ಟಿಗೆ ಅಕ್ಕನ ಬೆನ್ನ ಹಿಂದೆ ಇದ್ದರೆ ಅವಳು ಮತ್ತೆ ಈ ಕೋಣೆಯಲ್ಲಿ ಕೂರುತ್ತಾಳೆ ಎಂಬುದು ನನ್ನ ಲೆಕ್ಕ. ಭಾವನಿಗೆ ಅದನ್ನು ಹೇಳಿದೆ.

"ಕೇಳಿಸದವಳ ಪಕ್ಕ ಅದನ್ನಿಟ್ಟು ಏನು ಮಾಡ್ತೀಯ?" ಎಂದುಬಿಟ್ಟರು ಭಾವ.

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು, ತುಟಿ ಓದಿಕೊಂಡಳು.

"ಅವರು ಹೇಳೋದು ಸರಿ ಕಣೋ," ಎಂದಳು ನನಗೆ. "ನನಗೋಸ್ಕರ ಗೋಡೆ ತುಂಬ ವೈರ್ ಎಳೀಬೇಡ. ಸಿನಿಮಾನ ಅವರೇ ನೋಡ್ಕೊಳ್ಳಲಿ."

ಒಳಗೆ ಹೋಗಿ ಪಾತ್ರೆ ತೊಳೆಯಲು ನಿಂತಳು. ಭಾವನ ಮುಖ ಇಷ್ಟೇ ಇಷ್ಟಾಯಿತು. ಸ್ವಲ್ಪ ಹೊತ್ತು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಡಿ," ಎಂದರು. "ಯಾವ ಅಂಗಡಿ?"

ಅಂಗಡಿಯವನು ನಮ್ಮನ್ನು ಕಂಡವನೇ ಅದೇ ದಪ್ಪ ಕೇಬಲಿನ ಉದ್ದದ ಅಣ್ಣನನ್ನು ಮೇಜಿನ ಮೇಲೆ ಹರಡಿದ. ಭಾವನ ಕಣ್ಣು ಅರಳಿತು.

"ದಪ್ಪ ಇದ್ದಷ್ಟೂ ಬಾಸ್ ಜಾಸ್ತಿ ಸಾರ್," ಎಂದ ಅವನು.

"ಹಾಗಾದ್ರೆ ನೀರಿನ ಪೈಪ್ ಕೊಡಪ್ಪ, ಅದನ್ನೇ ಸಿಕ್ಕಿಸ್ತೀನಿ," ಎಂದೆ.

ನನ್ನ ಹತ್ತಿರ ಈ ಆಟವೆಲ್ಲ ನಡೆಯುವುದಿಲ್ಲ. ಸ್ಪೀಕರಿಗೆ ಹೋಗುವ ವೈರಿನಲ್ಲಿ ಶಕ್ತಿ ಹರಿಯುತ್ತದೆ, ಅದಕ್ಕೆ ದಪ್ಪ ಬೇಕು. ಸಬ್‌ವೂಫರಿನೊಳಗೆ ಅದರದೇ ಆಂಪ್ಲಿಫೈಯರ್ ಇರುತ್ತದೆ, ಕೇಬಲಿನಲ್ಲಿ ಬರುವುದು ಬರೀ ಸಣ್ಣ ಸಿಗ್ನಲ್. ದೂರ ಹೋಗುವ ಸಣ್ಣ ಸಿಗ್ನಲಿಗೆ ಬೇಕಾದ್ದು ಹೊರಗಿನ ಗಲಾಟೆ ಒಳಗೆ ಬಾರದಂಥ ಕಾವಲು. ಅದಕ್ಕೇ ನಾನು ಕೇಬಲಿನ ಹೊರಗಿನ ಅಲಂಕಾರ ನೋಡುವುದಿಲ್ಲ, ತುದಿ ಸುಲಿಸಿ ಒಳಗಿನ ತಾಮ್ರದ ಜಾಲರಿ ನೋಡುತ್ತೇನೆ. ಜಾಲರಿಯ ಸಂದಿನಲ್ಲಿ ಒಳಗಿನ ಬಿಳಿ ಪದರ ಇಣುಕಿದರೆ ಆ ಕೇಬಲ್ ನನಗೆ ಬೇಡ.

ಸುಲಿಯಲು ಹೇಳಿದೆ. ಅಂಗಡಿಯವನು ಮೀನಮೇಷ ಎಣಿಸಿದ. ಅಳತೆಗೆ ಕತ್ತರಿಸಿ ಪಿನ್ನು ಕೂರಿಸಿ ಕೊಡುವ ಸುರುಳಿಗಳೂ ಅವನಲ್ಲಿದ್ದವು. ಅವುಗಳಲ್ಲಿ ಮೂರು ನಮೂನೆಯ ತುದಿ ಕೊಯ್ದು ಮುಂದಿಟ್ಟ.

"ಭಾವ, ಕೋಟು ಹೊಲಿಯುವಾಗ ಹೊರಬಟ್ಟೆ ಒಂದನ್ನೇ ನೋಡ್ತೀರಾ?"

"ಒಳಗಿನ ಲೈನಿಂಗ್ ಕೆಟ್ರೆ ಕೋಟೇ ಕೆಟ್ಟಂಗೆ."

"ಇಲ್ಲೂ ಅಷ್ಟೇ. ಈ ಜಾಲರಿ ನೋಡಿ ನೀವೇ ಆರಿಸಿ."

ಭಾವ ಕನ್ನಡಕ ಹಾಕಿಕೊಂಡರು. ಒಂದೊಂದು ಜಾಲರಿಯನ್ನೂ ಉಗುರಿನಿಂದ ಸರಿಸಿ, ಎಳೆದು, ಬೆಳಕಿಗೆ ಹಿಡಿದು ನೋಡಿದರು. ಮೊದಲನೆಯದನ್ನು ಸೊಳ್ಳೆ ಪರದೆ ಎಂದು ಪಕ್ಕಕ್ಕಿಟ್ಟರು. ಎರಡನೆಯದರ ಎಳೆ ಕೈಗೇ ಬಂತು. ಮೂರನೆಯದು ಸಾದಾ ಕಪ್ಪು ಕೇಬಲ್, ಕಿರುಬೆರಳಿಗಿಂತ ತೆಳು.

"ಇದರ ನೇಯ್ಗೆ ಬಿಗಿ ಇದೆ. ಬಗ್ಗಿಸಿದ್ರೂ ಬಾಯಿ ಬಿಡಲ್ಲ," ಎಂದರು.

ನಾನು ಆರಿಸಿದ್ದೂ ಅದನ್ನೇ. ಬಾಗಿಲ ಚೌಕಟ್ಟು ಸುತ್ತಿ ಗೋಡೆಯ ಬುಡದಲ್ಲಿ ಹೋಗಬೇಕಾದ ಕೇಬಲಿಗೆ ಬಾಗುವ ಗುಣ ಬೇಕೇ ಬೇಕು. ತಿರುವುಗಳಿಗೆಲ್ಲ ಸೇರಿಸಿ, ಮೇಲೆ ಸ್ವಲ್ಪ ಸಡಿಲವೂ ಇರಲಿ ಎಂದೆ. ಬಟ್ಟೆಗೆ ಹೊಲಿಗೆಯ ಅಂಚು ಬಿಡುವವರು ವೈರಿಗೆ ಯಾಕೆ ಬಿಡಲಿಲ್ಲ ಎಂದು ದಾರಿಯುದ್ದಕ್ಕೂ ಅವರ ತಲೆ ತಿಂದೆ.

ರಜೆಯ ದಿನ ಮಧ್ಯಾಹ್ನ ಕೆಲಸಕ್ಕೆ ಇಳಿದೆ. ಕೇಬಲನ್ನು ಗೋಡೆಯ ಬುಡಕ್ಕೆ ಕ್ಲಿಪ್ ಹೊಡೆದು ಎಳೆದೆ, ಕರೆಂಟಿನ ವೈರಿನ ಜೊತೆಜೊತೆಗೆ ಹೋಗದ ಹಾಗೆ ನೋಡಿಕೊಂಡೆ. ಇಸ್ತ್ರಿ ಬಟ್ಟೆ ತೆಗೆದು ಕುರ್ಚಿ ಖಾಲಿ ಮಾಡಿ, ಅದರ ಬೆನ್ನಿಗೆ ತಾಗುವಂತೆ ಹಿಂದೆ ಪೆಟ್ಟಿಗೆ ಇಟ್ಟು, ಅಲ್ಲೇ ಗೋಡೆಯಲ್ಲಿದ್ದ ಸಾಕೆಟ್ಟಿಗೆ ಅದರ ಪ್ಲಗ್ ಹಾಕಿದೆ. ಅಕ್ಕನನ್ನು ಕರೆತರಲು ಅವಳ ಮಗಳೇ ಹೋಗಿ ಕೈ ಹಿಡಿದು ಎಳೆಯಬೇಕಾಯಿತು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ನನ್ನ ಮಾತಿಗೆ ಕಟ್ಟುಬಿದ್ದು ಎಂಬಂತೆ ಕುರ್ಚಿಯ ತುದಿಯಲ್ಲಿ ಕೂತಳು.

ಸಿನಿಮಾ ಇನ್ನೂ ಹಾಕಿರಲಿಲ್ಲ. ಅಕ್ಕ ಕುರ್ಚಿಯ ಹಿಡಿಕೆ ಮುಟ್ಟಿ ನನ್ನನ್ನು ನೋಡಿದಳು.

"ಲೋ, ಏನೋ ಓಡ್ತಾ ಇದೆಯಲ್ಲೋ. ಹೊಲಿಗೆ ಮೆಷಿನ್ನಿನ ಮೋಟಾರ್ ಸುಮ್ನೆ ಗುಂಯ್ ಅಂದಂಗೆ."

"ಏನೂ ಓಡ್ತಿಲ್ಲ ಅಕ್ಕ, ಇನ್ನೂ ಹಾಕಿಲ್ಲ."

"ಓಡ್ತಾ ಇದೆ."

ಫ್ಯಾನ್ ನಿಲ್ಲಿಸಿ ಪೆಟ್ಟಿಗೆಗೆ ಕಿವಿಯಿಟ್ಟೆ. ಸಣ್ಣಗೆ ಗುಂಯ್‌ಗುಡುತ್ತಿತ್ತು. ಕಿವಿ ನೆಟ್ಟಗಿದ್ದ ನಮಗೆ ಮೂವರಿಗೂ ಫ್ಯಾನಿನ ಸದ್ದಿನಲ್ಲಿ ಅದು ಗೊತ್ತೇ ಆಗಿರಲಿಲ್ಲ.

"ಆಪರೇಟರ್, ನಿನ್ನ ಕೇಬಲ್ ಕೈ ಕೊಡ್ತಲ್ಲ," ಎಂದು ನಕ್ಕರು ಭಾವ.

"ನೀವೇ ಆರಿಸಿದ್ದು," ಎಂದೆ. ನನಗೆ ಮುಖಭಂಗವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಕೈ ಬೆಳೆದದ್ದೇ ಇಂಥ ಕೆಲಸದಲ್ಲಿ. ಕೇಬಲಿನ ತುದಿ ಪೆಟ್ಟಿಗೆಯಿಂದ ಕಿತ್ತೆ, ಸದ್ದು ಹೋಯಿತು. ಹಾಕಿದೆ, ಬಂತು. ಸದ್ದು ಬರುವ ದಾರಿ ಕೇಬಲ್, ಆದರೆ ತಪ್ಪು ಕೇಬಲಿನದಲ್ಲ. ಆಂಪ್ಲಿಫೈಯರ್ ಒಂದು ಗೋಡೆಯಿಂದ ಕರೆಂಟು ತೆಗೆದುಕೊಳ್ಳುತ್ತಿತ್ತು, ಪೆಟ್ಟಿಗೆ ಇನ್ನೊಂದು ಗೋಡೆಯಿಂದ. ಹಾಗಾದಾಗ ಎರಡರ ನಡುವಿನ ಕೊಸರಾಟ ಕೇಬಲಿನೊಳಗೆ ನುಗ್ಗುತ್ತದೆ. ಎಕ್ಸ್‌ಟೆನ್ಷನ್ ಎಳೆದು ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆ.

"ನಿಂತೋಯ್ತು," ಎಂದಳು ಅಕ್ಕ. ನಾನು ಅವಳ ಬೆನ್ನ ಹಿಂದೆ ಇದ್ದೆ. ನನ್ನ ಕೈ ಅವಳಿಗೆ ಕಾಣುತ್ತಿರಲಿಲ್ಲ.

ಪ್ಲಗ್ಗನ್ನು ಮತ್ತೆ ಗೋಡೆಗೆ ಹಾಕಿದೆ. "ಬಂತು," ಎಂದಳು. ತೆಗೆದೆ. "ಹೋಯ್ತು." ಎಷ್ಟು ಸಲ ಮಾಡಿದರೂ ಅವಳು ಒಮ್ಮೆಯೂ ತಪ್ಪಲಿಲ್ಲ. ಆಟದಲ್ಲಿ ಗೆಲ್ಲುತ್ತಿರುವ ಹುಡುಗಿಯ ಹಾಗೆ ಅವಳ ಮುಖ ಬಿಚ್ಚಿಕೊಂಡಿತು. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತಳು.

ಭಾವನ ನಗು ನಿಂತಿತ್ತು. ಎದ್ದು ಹಿತ್ತಲಿಗೆ ಹೋದರು. ಬರುವಾಗ ಹಳೆಯ ಕಟಿಂಗ್ ಮೇಜಿನ ಹಲಗೆಯನ್ನು ದರದರ ಎಳೆದುಕೊಂಡು ಬಂದರು.

"ನೆಲ ಕಲ್ಲಿಂದು, ಅದು ಅಲುಗಲ್ಲ," ಎಂದರು ನನಗೆ. "ಕುರ್ಚಿ, ಪೆಟ್ಟಿಗೆ ಎರಡನ್ನೂ ಇದರ ಮೇಲಿಡು. ಅಂಗಡೀಲಿ ನಾನು ಇವಳನ್ನ ಕರೆಯೋದೇ ಮೇಜಿನ ಹಲಗೆ ತಟ್ಟಿ. ಆ ಕಡೆ ಕೂತಿದ್ರೂ ತಕ್ಷಣ ತಲೆ ಎತ್ತುತ್ತಾಳೆ." ಹಲಗೆಯ ಧೂಳು ಒರೆಸುತ್ತಾ ಸೇರಿಸಿದರು. "ದಿನಾ ತಟ್ಟುತ್ತೀನಿ. ಮನೇಲಿ ನನಗೆ ಇದು ಹೊಳೀಲಿಲ್ಲ ನೋಡು."

ಅಕ್ಕನನ್ನು ಎಬ್ಬಿಸಿ, ಕುರ್ಚಿ, ಪೆಟ್ಟಿಗೆ ಎರಡನ್ನೂ ಹಲಗೆಯ ಮೇಲಿಟ್ಟೆ. ನನಗೂ ಹೊಳೆದಿರಲಿಲ್ಲ.

ಮಗಳು ಬೆಟ್ಟಗುಡ್ಡದ ಒಂದು ಸಾಹಸದ ಸಿನಿಮಾ ಹಾಕಿದಳು. ಕುದುರೆಗಳು ಬಂದಾಗ ಅಕ್ಕನ ಅಂಗೈ ಹಿಡಿಕೆಯ ಮೇಲೆ ಚಪ್ಪಟೆಯಾಯಿತು. ಬಂಡೆ ಉರುಳಿದಾಗ ಬೆಚ್ಚಿಬಿದ್ದು, ಆಮೇಲೆ ತನ್ನಷ್ಟಕ್ಕೆ ನಕ್ಕಳು. ಅಡುಗೆಮನೆಯ ಕಡೆ ಒಮ್ಮೆಯೂ ನೋಡಲಿಲ್ಲ. ನನಗೆ ಅಳು ಬಂತು. ಕೇಬಲಿನ ಕ್ಲಿಪ್ಪು ಸಡಿಲವಾಗಿದೆಯೇನೋ ಎಂದು ಗೋಡೆ ಕಡೆ ಬಗ್ಗಿ ಕೂತೆ.

ತೆರೆಯ ಮೇಲೆ ನಾಯಕ ನಾಯಕಿ ಹಳಿಗಳ ಮೇಲೆ ಕೂತು ಮಾತಾಡುತ್ತಿದ್ದರು. ಅದೇ ಸಮಯ ಎಂದು ಭಾವ ನಮ್ಮ ಬೀದಿಯ ಚರಂಡಿಯ ಕಥೆ ತೆಗೆದರು, ಮಗಳು ಅದಕ್ಕೆ ಉತ್ತರ ಕೊಡುತ್ತಿದ್ದಳು.

"ರೈಲು," ಎಂದಳು ಅಕ್ಕ.

"ಎಲ್ಲಿ?" ಎಂದರು ಭಾವ. ತೆರೆಯ ಮೇಲೆ ಇನ್ನೂ ಏನೂ ಇರಲಿಲ್ಲ.

ಆಮೇಲೆ ತಿರುವಿನಿಂದ ರೈಲು ಬಂತು. ಮಗಳು ಅವಳ ತೋಳು ತಬ್ಬಿಕೊಂಡಳು. ಅಕ್ಕ ಮಗಳ ಕೆನ್ನೆ ಸವರಿದಳು, ಆದರೆ ಕಣ್ಣು ಟಿವಿಯಿಂದ ಕದಲಲಿಲ್ಲ.

ಭಾವ ತಮ್ಮ ಕುರ್ಚಿ ಬಿಟ್ಟು ಬಂದು ಹಲಗೆಯ ಅಂಚಿನಲ್ಲಿ, ಅಕ್ಕನ ಕಾಲ ಬಳಿ ಕೂತರು. ಮುಂದಿನ ದೃಶ್ಯದಲ್ಲಿ ಒಂದು ಕತ್ತಲ ಸುರಂಗ, ಯಾರೂ ಮಾತಾಡುತ್ತಿಲ್ಲ. ಭಾವ ಟಿವಿಗೆ ಪೂರ್ತಿ ಬೆನ್ನು ಮಾಡಿ, ಅಕ್ಕನಿಗೆ ತಮ್ಮ ಮುಖ ಚೆನ್ನಾಗಿ ಕಾಣುವ ಹಾಗೆ ತಿರುಗಿದರು.

"ಈಗ ಏನಾಗುತ್ತೆ?" ಎಂದು ಅವಳನ್ನು ಕೇಳಿದರು.

"ಸುಮ್ನಿರಿ," ಎಂದಳು ಅಕ್ಕ. "ಏನೋ ಬರ್ತಾ ಇದೆ. ಬಂದ ಮೇಲೆ ಹೇಳ್ತೀನಿ."